ದೊಡ್ಡ ಹಡಗುಗಳಿಗೆ ಕೊಲಂಬೊ ಯಾಕೆ ಅಷ್ಟು ಇಷ್ಟ? ಭಾರತ, ಶ್ರೀಲಂಕಾ ಮತ್ತು ಕಂಟೇನರ್ ಸಂಪರ್ಕದ ಲೆಕ್ಕ

2025ರ ಜೂನ್ 9ರಂದು ಕೇರಳದ ಕರಾವಳಿಯಾಚೆ ನಡುಗಡಲಿನಲ್ಲಿ ವಾನ್ ಹೈ 503 ಎಂಬ ಕಂಟೇನರ್ ಹಡಗಿಗೆ ಬೆಂಕಿ ಬಿತ್ತು. ಅದರಲ್ಲಿ 22 ಮಂದಿ ಇದ್ದರು. 18 ಮಂದಿ ಬದುಕಿದರು, ನಾಲ್ವರು ನಾಪತ್ತೆಯಾದರು. ಬದುಕಿದವರನ್ನು ನೌಕಾಪಡೆಯ ಐಎನ್‌ಎಸ್ ಸೂರತ್ ಮಂಗಳೂರಿಗೆ ಕರೆತಂದಿತು. ಅದಕ್ಕೆ ಎರಡು ವಾರ ಮೊದಲು, ಮೇ 25ರಂದು, ಕೊಚ್ಚಿಯ ಬಳಿ ಎಂಎಸ್‌ಸಿ ಎಲ್ಸಾ 3 ಎಂಬ ಹಡಗು ಮುಳುಗಿತ್ತು. ಅದರಲ್ಲಿದ್ದ 640 ಕಂಟೇನರ್‌ಗಳಲ್ಲಿ ಒಂದಷ್ಟು ತೇಲಿಕೊಂಡು ಕೇರಳದ ದಡ ಸೇರಿದವು.

ಈ ಹಡಗುಗಳು ಎಲ್ಲಿಂದ ಎಲ್ಲಿಗೆ ಹೊರಟಿದ್ದವು ಅನ್ನುವುದು ಸುದ್ದಿಯ ನಡುವೆ ಒಂದು ಸಾಲಿನಲ್ಲಿ ಬಂದು ಹೋಯಿತು. ವಾನ್ ಹೈ ಕೊಲಂಬೊ ಬಿಟ್ಟು ಮುಂಬೈ ಪಕ್ಕದ ನ್ಹಾವಾ ಶೇವಾಕ್ಕೆ ಬರುತ್ತಿತ್ತು. ಎಲ್ಸಾ ತಿರುವನಂತಪುರದ ಹತ್ತಿರದ ವಿಳಿಂಜಂನಿಂದ ಕೊಚ್ಚಿಗೆ ಹೊರಟಿತ್ತು. ಮೊದಲನೆಯದರಲ್ಲಿ 1,700ಕ್ಕೂ ಹೆಚ್ಚು ಕಂಟೇನರ್‌ಗಳಿದ್ದವು. ಅಷ್ಟೊಂದು ಮಾಲು ಶ್ರೀಲಂಕಾದಿಂದ ನಮಗೆ ಬರುತ್ತದಾ? ಇಲ್ಲ. ಹಾಗಿದ್ದರೆ ಅದು ಕೊಲಂಬೊಗೆ ಹೋಗಿದ್ದೇಕೆ? ಎರಡನೆಯದಂತೂ ಕೇರಳದ ಒಂದು ಬಂದರಿನಿಂದ ಕೇರಳದ್ದೇ ಇನ್ನೊಂದು ಬಂದರಿಗೆ ಹೊರಟಿದ್ದು. ಅಷ್ಟು ದೂರಕ್ಕೆ ಲಾರಿ ಸಾಲದಾ?

ಇದಕ್ಕೆ ಉತ್ತರ ಬೇಕಾದರೆ, ಒಂದು ದೇಶ ಜಗತ್ತಿನ ಕಂಟೇನರ್ ಜಾಲಕ್ಕೆ ಎಷ್ಟು ಚೆನ್ನಾಗಿ ಹೆಣೆದುಕೊಂಡಿದೆ ಎಂದು ಅಳೆಯುವುದು ಹೇಗೆ ಅನ್ನುವುದು ಗೊತ್ತಿರಬೇಕು. ಅದಕ್ಕೊಂದು ಅಂತರರಾಷ್ಟ್ರೀಯ ಅಂಕಪಟ್ಟಿಯೇ ಇದೆ. ಬಹಳ ವರ್ಷ ಆ ಪಟ್ಟಿಯಲ್ಲಿ ಎರಡು ಕೋಟಿ ಚಿಲ್ಲರೆ ಜನರ ಶ್ರೀಲಂಕಾ ನಮಗಿಂತ ಮೇಲಿತ್ತು.

ಒಂದು ಪೆಟ್ಟಿಗೆ, ಒಂದು ಅಳತೆ

ಕಂಟೇನರ್ ಅಂದರೆ ಉಕ್ಕಿನ ಪೆಟ್ಟಿಗೆ, ಅಷ್ಟೇ. ಹೆದ್ದಾರಿಯಲ್ಲಿ ಟ್ರೇಲರ್ ಮೇಲೆ ಹೋಗುವುದನ್ನು ದಿನಾ ನೋಡುತ್ತೀರಿ. 1956ರ ಏಪ್ರಿಲ್ 26ರಂದು ಮ್ಯಾಲ್ಕಮ್ ಮೆಕ್ಲೀನ್ ಎಂಬ ಅಮೆರಿಕದ ಲಾರಿ ಮಾಲೀಕ ಐಡಿಯಲ್ ಎಕ್ಸ್ ಎಂಬ ಹಡಗಿನಲ್ಲಿ 58 ಪೆಟ್ಟಿಗೆ ಹೇರಿ ನ್ಯೂವಾರ್ಕ್‌ನಿಂದ ಹ್ಯೂಸ್ಟನ್‌ಗೆ ಕಳಿಸಿದ. ಅಲ್ಲಿಯವರೆಗೆ ಮೂಟೆ, ಪೀಪಾಯಿ, ಡಬ್ಬ ಎಲ್ಲವನ್ನೂ ಹಮಾಲರು ಒಂದೊಂದಾಗಿ ಹೊತ್ತು ಹಾಕಬೇಕಿತ್ತು. ಹಡಗು ವಾರಗಟ್ಟಲೆ ದಕ್ಕೆಯಲ್ಲೇ ನಿಲ್ಲುತ್ತಿತ್ತು. ಪೆಟ್ಟಿಗೆ ಬಂದ ಮೇಲೆ ಆ ಕೆಲಸ ಗಂಟೆಗಳಿಗೆ ಇಳಿಯಿತು.

ಆಮೇಲೆ ಜಗತ್ತೆಲ್ಲ ಒಂದೇ ಅಳತೆಗೆ ಒಪ್ಪಿಕೊಂಡಿತು. ಇಪ್ಪತ್ತು ಅಡಿ ಉದ್ದದ ಒಂದು ಕಂಟೇನರ್ ಅಂದರೆ ಒಂದು ಟಿಇಯು. ನಲವತ್ತು ಅಡಿಯದ್ದು ಎರಡು ಟಿಇಯು. ಹಡಗಿನ ಸಾಮರ್ಥ್ಯ, ಬಂದರಿನ ವಹಿವಾಟು ಎಲ್ಲವೂ ಇದೇ ಲೆಕ್ಕದಲ್ಲಿ. ಈ ಲೇಖನದಲ್ಲಿ ನೆನಪಿಡಬೇಕಾದ ಅಳತೆ ಇದೊಂದೇ.

ಮದರ್ ವೆಸೆಲ್ ಮತ್ತು ಫೀಡರ್

ಈಗ ಓಡುವ ಅತಿ ದೊಡ್ಡ ಕಂಟೇನರ್ ಹಡಗುಗಳು 24,000 ಟಿಇಯು ಹೊರುತ್ತವೆ. ಉದ್ದ 400 ಮೀಟರ್, ಅಗಲ 61 ಮೀಟರ್. ಪೂರ್ತಿ ತುಂಬಿದಾಗ ಹಡಗಿನ ತಳ ನೀರಿನೊಳಗೆ 16 ಮೀಟರ್‌ಗೂ ಕೆಳಗಿರುತ್ತದೆ. ಬಂದರಿನವರ ಮಾತಿನಲ್ಲಿ ಇದು ಡ್ರಾಫ್ಟ್. ದೂರದ ದಾರಿಯಲ್ಲಿ ಓಡುವ ಇಂಥ ದೊಡ್ಡ ಹಡಗನ್ನು ಮದರ್ ವೆಸೆಲ್ ಅನ್ನುತ್ತಾರೆ.

ಹಡಗು ದೊಡ್ಡದಾದಷ್ಟೂ ಒಂದೊಂದು ಪೆಟ್ಟಿಗೆಗೆ ಬೀಳುವ ಖರ್ಚು ಕಮ್ಮಿ. ಆದರೆ ಆ ಉಳಿತಾಯ ಸಿಗುವುದು ಹಡಗು ತುಂಬಿ ಓಡಿದಾಗ, ಕಡಿಮೆ ಕಡೆ ನಿಂತಾಗ. ಪ್ರತಿ ಬಂದರಿಗೂ ಒಳಗೆ ಹೋಗಿ ಹೊರಗೆ ಬರಲು ಪೈಲಟ್, ಟಗ್, ಬಂದರು ಶುಲ್ಕ, ಇಂಧನ, ಎಲ್ಲಕ್ಕಿಂತ ಜಾಸ್ತಿ ಸಮಯ ಬೇಕು. ಹಾಗಾಗಿ ಮದರ್ ವೆಸೆಲ್ ಆಯ್ದ ಕೆಲವೇ ಬಂದರುಗಳಲ್ಲಿ ನಿಲ್ಲುತ್ತದೆ. ಉಳಿದ ಊರುಗಳ ಮಾಲನ್ನು ಸಣ್ಣ ಹಡಗುಗಳು ಆ ಬಂದರುಗಳಿಗೆ ತಂದು ಹಾಕುತ್ತವೆ, ಅಲ್ಲಿಂದ ಒಯ್ಯುತ್ತವೆ. ಇವು ಫೀಡರ್‌ಗಳು. ಒಂದು ಹಡಗಿನಿಂದ ಇಳಿಸಿ ಇನ್ನೊಂದಕ್ಕೆ ಹತ್ತಿಸುವ ಕೆಲಸ ಟ್ರಾನ್ಸ್‌ಶಿಪ್‌ಮೆಂಟ್. ಇಂಥ ಕೆಲಸವೇ ಮುಖ್ಯವಾಗಿರುವ ಬಂದರು ಹಬ್.

ಅರಸೀಕೆರೆಯನ್ನು ನೆನೆಸಿಕೊಳ್ಳಿ. ಹಾಸನ ಜಿಲ್ಲೆಯ ಒಂದು ತಾಲ್ಲೂಕು ಕೇಂದ್ರ. ಊರಿನ ಗಾತ್ರ ನೋಡಿದರೆ ಅಷ್ಟೊಂದು ರೈಲು ನಿಲ್ಲಬೇಕಾಗಿಲ್ಲ. ಆದರೆ ಬೆಂಗಳೂರು–ಹುಬ್ಬಳ್ಳಿ ಹಳಿಗೆ ಹಾಸನ, ಮೈಸೂರು ಕಡೆಯ ಹಳಿ ಕೂಡುವುದು ಅಲ್ಲೇ. ರೈಲು ನಿಲ್ಲುವುದು ಊರಿನವರಿಗಾಗಿ ಅಲ್ಲ, ಇಳಿದು ಹತ್ತುವವರಿಗಾಗಿ. ಕೊಲಂಬೊ ಸಮುದ್ರದ ಅರಸೀಕೆರೆ. ಅಲ್ಲಿ ಆಗುವ ಕಂಟೇನರ್ ವಹಿವಾಟಿನಲ್ಲಿ ಸುಮಾರು ಶೇ. 80ರಷ್ಟು ಟ್ರಾನ್ಸ್‌ಶಿಪ್‌ಮೆಂಟ್. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಭಾರತದಿಂದ ಬಂದ ಅಥವಾ ಭಾರತಕ್ಕೆ ಹೊರಟ ಮಾಲು.

ವಿಳಿಂಜಂನಿಂದ ಕೊಚ್ಚಿಗೆ ಹೊರಟಿದ್ದ ಎಲ್ಸಾ 3 ಮಾಡುತ್ತಿದ್ದುದೂ ಇದೇ ಫೀಡರ್ ಕೆಲಸ.

ಸಕಲೇಶಪುರದ ಕಾಫಿ ಇಟಲಿಗೆ ಹೋಗುವ ಬಗೆ

ದೇಶದ ಕಾಫಿಯಲ್ಲಿ ಸುಮಾರು ಶೇ. 70 ಬೆಳೆಯುವುದು ಕರ್ನಾಟಕದಲ್ಲಿ. ಹೆಚ್ಚಿನ ಪಾಲು ರಫ್ತಾಗುತ್ತದೆ. ಇಟಲಿ ದೊಡ್ಡ ಗಿರಾಕಿ. ಹಾಗಾಗಿ ಒಂದು ಕಾಫಿ ಕಂಟೇನರಿನ ಬೆನ್ನು ಹತ್ತಿ ನೋಡೋಣ.

ಸಕಲೇಶಪುರದ ತೋಟದ ಕಾಫಿ ಹಾಸನದ ಕ್ಯೂರಿಂಗ್ ವರ್ಕ್ಸ್‌ನಲ್ಲಿ ಸಿಪ್ಪೆ ಬಿಟ್ಟು, ಗ್ರೇಡ್ ಆಗಿ, 60 ಕೆ.ಜಿ.ಯ ಗೋಣಿಚೀಲಕ್ಕೆ ಬೀಳುತ್ತದೆ. ಇಪ್ಪತ್ತು ಅಡಿಯ ಒಂದು ಕಂಟೇನರಿಗೆ ಸಾಮಾನ್ಯವಾಗಿ 320 ಚೀಲ, ಅಂದರೆ 19 ಟನ್ ಚಿಲ್ಲರೆ. ಬಾಗಿಲು ಹಾಕಿ ಸೀಲ್ ಒತ್ತುತ್ತಾರೆ. ಲಾರಿ ಶಿರಾಡಿ ಘಾಟಿ ಇಳಿದು ಪಣಂಬೂರಿನ ನವಮಂಗಳೂರು ಬಂದರು ಸೇರುತ್ತದೆ. ಕ್ಲಿಯರಿಂಗ್ ಏಜೆಂಟ್ ಕಸ್ಟಮ್ಸ್ ಕಾಗದ ಮುಗಿಸುತ್ತಾರೆ. ಹಡಗಿನ ಕಟ್-ಆಫ್ ಸಮಯದೊಳಗೆ ಕಂಟೇನರ್ ಯಾರ್ಡ್ ಒಳಗಿರಬೇಕು. ಅರ್ಧ ಗಂಟೆ ತಡವಾದರೂ ಮುಂದಿನ ವಾರದ ಹಡಗೇ ಗತಿ. ಮಳೆಗಾಲದಲ್ಲಿ ಘಾಟಿಯಲ್ಲಿ ಗುಡ್ಡ ಕುಸಿದರೆ ಏನಾಗುತ್ತದೆ ಅಂತ ರಫ್ತುದಾರರನ್ನು ಕೇಳಿ ನೋಡಿ.

ಮಂಗಳೂರಿನಲ್ಲಿ ವರ್ಷಕ್ಕೆ ಒಂದೂವರೆ–ಎರಡು ಲಕ್ಷ ಟಿಇಯು ಆಸುಪಾಸಿನ ವಹಿವಾಟು. ಯುರೋಪಿಗೆ ಹೋಗುವ ದೊಡ್ಡ ಹಡಗು ವಾರವಾರ ಬಂದು ನಿಲ್ಲಲು ಇದು ಸಾಲದು. ಹಾಗಾಗಿ ಬಹುಪಾಲು ಕಂಟೇನರ್ ಫೀಡರ್ ಹತ್ತುತ್ತದೆ. ಒಂದೆರಡು ದಿನದಲ್ಲಿ ಫೀಡರ್ ಕೊಲಂಬೊ ಮುಟ್ಟುತ್ತದೆ. ಅಲ್ಲಿ ಕ್ರೇನ್ ಆ ಪೆಟ್ಟಿಗೆಯನ್ನು ಇಳಿಸಿ ಯಾರ್ಡ್‌ನಲ್ಲಿ ಪೇರಿಸುತ್ತದೆ. ಯುರೋಪಿನ ಮದರ್ ವೆಸೆಲ್ ಬರುವವರೆಗೆ ಅದು ಅಲ್ಲೇ. ಎಲ್ಲವೂ ಸರಿಯಿದ್ದರೆ ಕೆಲವೇ ದಿನ. ಫೀಡರ್ ತಡವಾಗಿ ಮದರ್ ವೆಸೆಲ್ ತಪ್ಪಿದರೆ, ಅಥವಾ ಹಡಗು ತುಂಬಿ ಜಾಗ ಇಲ್ಲದಿದ್ದರೆ, ಪೆಟ್ಟಿಗೆಯನ್ನು ಮುಂದಿನ ಹಡಗಿಗೆ ತಳ್ಳುತ್ತಾರೆ. ವ್ಯಾಪಾರಿಗಳು 'ರೋಲ್ ಆಯ್ತು' ಅನ್ನುವುದು ಇದಕ್ಕೇ.

ಇಲ್ಲಿ ಖರ್ಚು ಎಲ್ಲೆಲ್ಲಿದೆ ನೋಡಿ. ಕೊಲಂಬೊದಲ್ಲಿ ಒಮ್ಮೆ ಇಳಿಸುವ, ಒಮ್ಮೆ ಹತ್ತಿಸುವ ಕೂಲಿ. ಫೀಡರ್ ಬಾಡಿಗೆ. ಕಾಯುವ ದಿನಗಳು, ಆ ದಿನಗಳಲ್ಲಿ ಮಾಲಿನಲ್ಲಿ ಸಿಕ್ಕಿಕೊಂಡ ದುಡ್ಡಿನ ಬಡ್ಡಿ. ಜೊತೆಗೆ, ಇಂಥ ದಿನವೇ ತಲುಪುತ್ತದೆ ಅಂತ ಗಿರಾಕಿಗೆ ಮಾತು ಕೊಡಲಾಗದ ಕಷ್ಟ. ಕಾಫಿಯಾದರೆ ತಡೆದುಕೊಳ್ಳುತ್ತದೆ. ಹಣ್ಣು, ಮೀನು, ಸೀಸನ್ ಬಟ್ಟೆಗೆ ಆ ಪುಣ್ಯ ಇಲ್ಲ.

ಗೋಡಂಬಿಯದ್ದು ಇದರ ಉಲ್ಟಾ ದಾರಿ. ಪಶ್ಚಿಮ ಆಫ್ರಿಕಾದ ಕಚ್ಚಾ ಗೋಡಂಬಿ ಮಂಗಳೂರಿನ ಕಾರ್ಖಾನೆಗಳಿಗೆ ಬರುವಾಗಲೂ ದಾರಿಯಲ್ಲಿ ಹಡಗು ಬದಲಾಯಿಸುವುದು ಸಾಮಾನ್ಯ.

ಸಂಪರ್ಕಕ್ಕೆ ಅಂಕ ಕೊಡುವುದು ಹೇಗೆ

ವಿಶ್ವಸಂಸ್ಥೆಯಲ್ಲಿ ವ್ಯಾಪಾರ ಮತ್ತು ಅಭಿವೃದ್ಧಿಯನ್ನು ನೋಡಿಕೊಳ್ಳುವ ಅಂಕ್ಟಾಡ್ ಎಂಬ ಸಂಸ್ಥೆಯಿದೆ. ಅದು 2004ರಿಂದ ಲೈನರ್ ಶಿಪ್ಪಿಂಗ್ ಕನೆಕ್ಟಿವಿಟಿ ಇಂಡೆಕ್ಸ್ ಎಂಬ ಸೂಚ್ಯಂಕ ಲೆಕ್ಕ ಹಾಕುತ್ತಿದೆ. ಚಿಕ್ಕದಾಗಿ ಎಲ್‌ಎಸ್‌ಸಿಐ. 'ಲೈನರ್' ಅಂದರೆ ಬಸ್ಸಿನ ಹಾಗೆ ಗೊತ್ತಾದ ದಾರಿಯಲ್ಲಿ, ಗೊತ್ತಾದ ದಿನ ಓಡುವ ಹಡಗು ಸೇವೆ. ಕಲ್ಲಿದ್ದಲು, ಅದಿರು, ಕಚ್ಚಾ ತೈಲ ತರುವ ಹಡಗುಗಳು ಈ ಲೆಕ್ಕಕ್ಕೆ ಬರುವುದಿಲ್ಲ. ಅವು ಗಿರಾಕಿ ಕರೆದ ಕಡೆ ಹೋಗುತ್ತವೆ.

ಸೂಚ್ಯಂಕ ಆರು ಸಂಗತಿ ನೋಡುತ್ತದೆ. ವಾರಕ್ಕೆ ಎಷ್ಟು ಸಲ ಹಡಗು ಬರುತ್ತದೆ ಅನ್ನುವುದು ಮೊದಲನೆಯದು. ಆ ಹಡಗುಗಳೆಲ್ಲ ಸೇರಿ ವರ್ಷಕ್ಕೆ ಎಷ್ಟು ಟಿಇಯು ಜಾಗ ಒದಗಿಸುತ್ತವೆ, ಎಷ್ಟು ಬೇರೆ ಬೇರೆ ಸೇವೆಗಳಿವೆ, ಎಷ್ಟು ಕಂಪನಿಗಳು ಸೇವೆ ಕೊಡುತ್ತಿವೆ ಅನ್ನುವುದು ಮುಂದಿನ ಮೂರು. ಐದನೆಯದು ಹಡಗಿನ ಗಾತ್ರ: ಅತಿ ದೊಡ್ಡ ಹಡಗುಗಳು ಓಡುವ ಸೇವೆ ಯಾವುದೋ ಅದರ ಸರಾಸರಿ ಗಾತ್ರ. ಆರನೆಯದು ನೇರವಾಗಿ ತಲುಪಬಹುದಾದ ದೇಶಗಳ ಸಂಖ್ಯೆ. 'ನೇರ' ಅಂದರೆ ಹಡಗು ನಡುವೆ ಎಲ್ಲೂ ನಿಲ್ಲಬಾರದು ಅಂತಲ್ಲ. ಹತ್ತು ಕಡೆ ನಿಂತರೂ ಪರವಾಗಿಲ್ಲ, ಪೆಟ್ಟಿಗೆ ಹಡಗು ಬದಲಾಯಿಸಬಾರದು.

ಈ ಆರನ್ನೂ ಒಂದೇ ಮಟ್ಟಕ್ಕೆ ತಂದು, ಸೇರಿಸಿ ಒಂದು ಅಂಕ ಮಾಡುತ್ತಾರೆ. ಪಟ್ಟಿಯ ತುದಿಯಲ್ಲಿ ಚೀನಾ ಖಾಯಂ. ದಕ್ಷಿಣ ಕೊರಿಯಾ, ಸಿಂಗಾಪುರ, ಮಲೇಷ್ಯಾಗಳೂ ಮೇಲಿನ ಸಾಲಿನಲ್ಲೇ ಇರುತ್ತವೆ. ಪಟ್ಟಿಯನ್ನು ಸ್ವತಃ ನೋಡಲು ಹೊರಟವರಿಗೆ ಒಂದು ಎಚ್ಚರಿಕೆ. 2024ರಲ್ಲಿ ಲೆಕ್ಕದ ವಿಧಾನ ಬದಲಾಯಿತು. ಈಗ 2023ರ ಮೊದಲ ಮೂರು ತಿಂಗಳ ಎಲ್ಲ ದೇಶಗಳ ಸರಾಸರಿಯನ್ನು 100 ಎಂದು ಹಿಡಿಯುತ್ತಾರೆ. ಅದಕ್ಕೂ ಮೊದಲು 2006ರ ಪಟ್ಟಿಯ ಅತಿ ದೊಡ್ಡ ಅಂಕವನ್ನು 100 ಎಂದು ಹಿಡಿಯುತ್ತಿದ್ದರು. ಹಳೆ ವರದಿಯ 60ನ್ನೂ ಹೊಸ ವರದಿಯ ಅಂಕವನ್ನೂ ಪಕ್ಕದಲ್ಲಿಟ್ಟು 'ಏರಿತು, ಇಳಿಯಿತು' ಅನ್ನುವುದು ತಪ್ಪು.

ಇದಕ್ಕಿಂತ ಮುಖ್ಯವಾದ ಮಾತು ಇನ್ನೊಂದಿದೆ. ಆರು ಸಂಗತಿಗಳಲ್ಲಿ ಒಂದಾದರೂ ಆ ದೇಶದ ವ್ಯಾಪಾರದ ಬಗ್ಗೆ ಇದೆಯಾ? ಜನಸಂಖ್ಯೆ ಬಗ್ಗೆ? ಇಲ್ಲ. ಹಡಗು ಬಂದರೆ ಸಾಕು, ಯಾರ ಮಾಲಿಗಾಗಿ ಬಂತು ಅಂತ ಸೂಚ್ಯಂಕ ಕೇಳುವುದಿಲ್ಲ. ಮಂಗಳೂರಿನ ಕಾಫಿ, ಚೆನ್ನೈನ ಬಿಡಿಭಾಗ, ಚಟ್ಟಗಾಂವ್‌ನ ಬಟ್ಟೆ ಹೊರಲು ಕೊಲಂಬೊಗೆ ಬಂದ ಹಡಗು ಶ್ರೀಲಂಕಾದ ಅಂಕ ಏರಿಸುತ್ತದೆ. ಹಾಗಂತ ಇದು ಮೋಸದ ಲೆಕ್ಕವಲ್ಲ. ಹೊರಗಿನವರ ಮಾಲಿಗಾಗಿ ಹಡಗು ಬಂದರೂ ಕೊಲಂಬೊದ ಚಹಾ ವ್ಯಾಪಾರಿ, ಉಡುಪು ಕಾರ್ಖಾನೆಯವರು ಅದೇ ಹಡಗಿನಲ್ಲಿ ನೇರವಾಗಿ ಯುರೋಪಿಗೆ ಮಾಲು ಕಳಿಸಬಹುದು. ಆ ಲಾಭ ನಿಜ.

ಇನ್ನೊಂದು ಸಣ್ಣ ಗುಟ್ಟು, ಬಂದರಿನ ವಹಿವಾಟಿನ ಸಂಖ್ಯೆಯ ಬಗ್ಗೆ. ಕೊಲಂಬೊ 2024ರಲ್ಲಿ ಸುಮಾರು 78 ಲಕ್ಷ ಟಿಇಯು ನಿಭಾಯಿಸಿತು. ಆದರೆ ಟ್ರಾನ್ಸ್‌ಶಿಪ್‌ಮೆಂಟ್ ಪೆಟ್ಟಿಗೆಯನ್ನು ಇಳಿಸುವಾಗ ಒಮ್ಮೆ, ಹತ್ತಿಸುವಾಗ ಒಮ್ಮೆ ಎಣಿಸುತ್ತಾರೆ. ನ್ಹಾವಾ ಶೇವಾದ 70 ಲಕ್ಷ ಚಿಲ್ಲರೆ ಟಿಇಯುನಲ್ಲಿ ಬಹುಪಾಲು ಇಲ್ಲಿಂದಲೇ ಹೊರಟ, ಇಲ್ಲಿಗೇ ಬಂದ ಮಾಲು. ಎರಡೂ ಸಂಖ್ಯೆ ಹತ್ತಿರ ಹತ್ತಿರ ಕಂಡರೂ ಹೇಳುವ ಕಥೆ ಬೇರೆ.

ಕೊಲಂಬೊಗೆ ಏನೇನು ಕೂಡಿಬಂತು

ಭೂಪಟ ತೆಗೆದು ನೋಡಿ. ಸೂಯೆಜ್ ಕಾಲುವೆಯಿಂದ ಮಲಾಕ್ಕಾ ಜಲಸಂಧಿಗೆ, ಅಂದರೆ ಯುರೋಪಿನಿಂದ ಚೀನಾಕ್ಕೆ ಹೋಗುವ ಹಡಗು ಶ್ರೀಲಂಕಾದ ದಕ್ಷಿಣ ತುದಿಯನ್ನು ಬಳಸಿಕೊಂಡೇ ಹೋಗಬೇಕು. ಭಾರತ ಮತ್ತು ಶ್ರೀಲಂಕಾದ ನಡುವೆ ಸಮುದ್ರ ಇದೆಯಲ್ಲ, ಅಲ್ಲೇ ನುಸುಳಬಾರದಾ? ಆಗದು. ರಾಮಸೇತುವಿನ ಬಳಿ ನೀರಿನ ಆಳ ಕೆಲವೇ ಮೀಟರ್. ಚೆನ್ನೈನಿಂದ ಮುಂಬೈಗೆ ಹೋಗುವ ಹಡಗೂ ಶ್ರೀಲಂಕಾವನ್ನು ಸುತ್ತಿಯೇ ಹೋಗಬೇಕು. ಯುರೋಪ್–ಚೀನಾ ದಾರಿಯಲ್ಲಿರುವ ಮದರ್ ವೆಸೆಲ್ ಕೊಲಂಬೊಗೆ ಬಂದು ಹೋಗಲು ಸ್ವಲ್ಪ ಹೊರಳಿದರೆ ಸಾಕು. ಮುಂಬೈಗೆ ಬಂದು ಹೋಗಲು ಕನಿಷ್ಠ ಒಂದು ದಿನದ ಸುತ್ತು. ಬಂಗಾಳ ಕೊಲ್ಲಿಯ ಬಂದರುಗಳಿಗಾದರೆ ಇನ್ನೂ ಜಾಸ್ತಿ.

ಆದರೆ ಜಾಗ ಒಂದೇ ಕಾರಣ ಅಂದುಕೊಂಡರೆ ಹಂಬನ್‌ತೋಟ ಆ ವಾದವನ್ನು ಮುರಿಯುತ್ತದೆ. ಅದೂ ಶ್ರೀಲಂಕಾದ್ದೇ ಬಂದರು, ಹಡಗು ದಾರಿಗೆ ಕೊಲಂಬೊಗಿಂತ ಹತ್ತಿರ. 2010ರಲ್ಲಿ ತೆರೆಯಿತು. 2017ರಲ್ಲಿ ಚೀನಾದ ಕಂಪನಿಗೆ 99 ವರ್ಷದ ಗುತ್ತಿಗೆ ಆಯಿತು. ಆದರೂ ವರ್ಷಗಟ್ಟಲೆ ಅಲ್ಲಿ ಇಳಿಯುತ್ತಿದ್ದುದು ಹೆಚ್ಚಾಗಿ ಕಾರುಗಳು. ಕಂಟೇನರ್ ಹಡಗುಗಳು ಎದುರಿನಲ್ಲೇ ಹಾದು ಕೊಲಂಬೊಗೆ ಹೋದವು.

ಕೊಲಂಬೊ ಗೆದ್ದದ್ದು ಬೇಗ ಶುರುಮಾಡಿ, ಬಿಡದೆ ಬೆಳೆಸಿದ್ದರಿಂದ. 1980ರ ದಶಕದಲ್ಲೇ ಅಲ್ಲಿ ಜಯ ಕಂಟೇನರ್ ಟರ್ಮಿನಲ್ ಬಂತು. ನಮ್ಮ ನ್ಹಾವಾ ಶೇವಾ ಉದ್ಘಾಟನೆಯಾದದ್ದು 1989ರಲ್ಲಿ. ಕೊಲಂಬೊದಲ್ಲಿ 1999ರಲ್ಲಿ ಖಾಸಗಿ ಕಂಪನಿಗಳಿಗೂ ಬಾಗಿಲು ತೆರೆದರು. ಆಮೇಲೆ ಏಷ್ಯನ್ ಡೆವಲಪ್‌ಮೆಂಟ್ ಬ್ಯಾಂಕಿನ ಸಾಲದಿಂದ ಸಮುದ್ರದೊಳಗೆ ಹೊಸ ಅಲೆತಡೆಗೋಡೆ ಕಟ್ಟಿ, 18 ಮೀಟರ್ ಆಳದ ದಕ್ಷಿಣ ಬಂದರು ಮಾಡಿಕೊಂಡರು. 2013ರಲ್ಲಿ ಅಲ್ಲಿ ಚೀನಾ ಮರ್ಚೆಂಟ್ಸ್ ಕಂಪನಿಯ ಪಾಲಿನ ಸಿಐಸಿಟಿ ಟರ್ಮಿನಲ್ ಶುರುವಾಯಿತು. ಜಗತ್ತಿನ ಅತಿ ದೊಡ್ಡ ಹಡಗು ಬಂದರೂ ನಿಲ್ಲಿಸಿಕೊಳ್ಳುವ ಆಳ, ಕ್ರೇನ್ ಎರಡೂ ಸಿಕ್ಕವು. ಈ ಎಲ್ಲದರ ನಡುವೆ ದೇಶದಲ್ಲಿ ದಶಕಗಳ ಅಂತರ್ಯುದ್ಧ, ಆಮೇಲೆ 2022ರ ದಿವಾಳಿ. ಬಂದರು ಮಾತ್ರ ನಿಲ್ಲಲಿಲ್ಲ. ಡಾಲರ್ ತರುವ ಜಾಗವಲ್ವಾ!

ಹಬ್ ಒಮ್ಮೆ ನೆಲೆಯೂರಿದರೆ ಅದನ್ನು ಅಲ್ಲಾಡಿಸುವುದು ಕಷ್ಟ. ಫೀಡರ್‌ಗಳು ಬರುವುದು ಮದರ್ ವೆಸೆಲ್ ಇರುವ ಕಡೆ. ಮದರ್ ವೆಸೆಲ್ ಬರುವುದು ಫೀಡರ್‌ಗಳು ಮಾಲು ತಂದು ಹಾಕುವ ಕಡೆ. ಹೊಸ ಬಂದರು ಈ ಎರಡನ್ನೂ ಒಟ್ಟಿಗೇ ತರಬೇಕು.

ಭಾರತ ಹಿಂದುಳಿದದ್ದು ಎಲ್ಲಿ

ಭಾರತಕ್ಕೆ ಸರಕಿನ ಕೊರತೆ ಇರಲಿಲ್ಲ. ಈಗ ನಮ್ಮ ಎಲ್ಲ ಬಂದರುಗಳೂ ಸೇರಿ ವರ್ಷಕ್ಕೆ ಎರಡು ಕೋಟಿಗೂ ಹೆಚ್ಚು ಟಿಇಯು ನಿಭಾಯಿಸುತ್ತವೆ. (ಶಾಂಘೈ ಬಂದರು ಒಂದೇ 2024ರಲ್ಲಿ ಐದು ಕೋಟಿ ದಾಟಿತು. ಅದು ಬೇರೆ ಲೋಕ.) ತೊಂದರೆ ಇದ್ದದ್ದು ಹಂಚಿಕೆಯಲ್ಲಿ. ಸಾವಿರಾರು ಕಿಲೋಮೀಟರ್ ಕರಾವಳಿ, ಹತ್ತಾರು ಬಂದರು. ಸರಕು ಎಲ್ಲ ಕಡೆ ಚದುರಿ, ಎಷ್ಟೋ ಬಂದರಿಗೆ ದೊಡ್ಡ ಹಡಗು ತುಂಬುವಷ್ಟು ಮಾಲು ಒಟ್ಟಾಗಲಿಲ್ಲ. ಆಳವೂ ಸಾಲದು. ಕೋಲ್ಕತ್ತಾ ನದಿಯ ಮೇಲಿನ ಬಂದರು, ಹೂಳು ಅದರ ಹಳೆಯ ಶತ್ರು. ಕೊಚ್ಚಿಯಲ್ಲೂ ಹೂಳೆತ್ತುವ ಕೆಲಸ ನಿಲ್ಲುವಂತಿಲ್ಲ.

ಕಾನೂನೂ ಒಂದು ತೊಡಕಾಗಿತ್ತು. ದೇಶದೊಳಗಿನ ಎರಡು ಬಂದರುಗಳ ನಡುವೆ ಮಾಲು ಸಾಗಿಸುವ ಹಕ್ಕು ಆ ದೇಶದ ಹಡಗುಗಳಿಗೆ ಮೊದಲು ಅನ್ನುವ ನಿಯಮ ಹಲವು ದೇಶಗಳಲ್ಲಿದೆ. ಇದನ್ನು ಕ್ಯಾಬೊಟಾಜ್ ಅನ್ನುತ್ತಾರೆ. ನಮ್ಮಲ್ಲೂ ಇತ್ತು. ಇದರಿಂದ ಆದದ್ದೇನು? ವಿದೇಶಿ ಧ್ವಜದ ಫೀಡರ್ ಚೆನ್ನೈನಿಂದ ಕೊಲಂಬೊಗೆ ಕಂಟೇನರ್ ಒಯ್ಯಬಹುದು, ಚೆನ್ನೈನಿಂದ ಕೊಚ್ಚಿಗೆ ಸುಲಭಕ್ಕೆ ಒಯ್ಯುವಂತಿಲ್ಲ. ಭಾರತದ ಧ್ವಜದ ಕಂಟೇನರ್ ಹಡಗುಗಳೋ ಬೆರಳೆಣಿಕೆ. ನಮ್ಮ ಹಡಗುಗಳನ್ನು ಉಳಿಸಲು ಮಾಡಿದ ನಿಯಮ ಮಾಲನ್ನು ನೆರೆದೇಶದ ಬಂದರಿಗೆ ಕಳಿಸುತ್ತಿತ್ತು. ಕೊಲಂಬೊ ಸರಕನ್ನು ಇತ್ತ ತಿರುಗಿಸುವ ಆಸೆಯಿಂದ 2011ರಲ್ಲಿ ಕೊಚ್ಚಿಯ ವಲ್ಲಾರ್‌ಪಾಡಂನಲ್ಲಿ ಟರ್ಮಿನಲ್ ತೆರೆದರು. 2012ರಲ್ಲಿ ಅದಕ್ಕೊಂದಕ್ಕೆ ನಿಯಮ ಸಡಿಲಿಸಿದರು. ಅಂದುಕೊಂಡಷ್ಟು ಸರಕು ಬರಲಿಲ್ಲ. ಕೊನೆಗೆ 2018ರ ಮೇ ತಿಂಗಳಲ್ಲಿ ಆಮದು–ರಫ್ತು ಕಂಟೇನರ್‌ಗಳ ಟ್ರಾನ್ಸ್‌ಶಿಪ್‌ಮೆಂಟ್‌ಗೆ, ಖಾಲಿ ಕಂಟೇನರ್ ಸಾಗಣೆಗೆ ಎಲ್ಲ ಬಂದರುಗಳಲ್ಲೂ ಸಡಿಲಿಕೆ ಬಂತು. ವಿಳಿಂಜಂನಿಂದ ಕೊಚ್ಚಿಗೆ ಎಲ್ಸಾ 3ರಂಥ ಲೈಬೀರಿಯಾ ಧ್ವಜದ ಹಡಗು ಓಡಲು ಆದದ್ದು ಇದರಿಂದಲೇ.

ಇಲ್ಲಿ ಪದೇ ಪದೇ ತಪ್ಪಾಗಿ ಓದುವ ಒಂದು ಅಂಕಿಯಿದೆ. 2023ರಲ್ಲಿ ಕೇಂದ್ರ ಬಂದರು ಸಚಿವಾಲಯ ಹೇಳಿದ್ದು: ಭಾರತದ ಟ್ರಾನ್ಸ್‌ಶಿಪ್‌ಮೆಂಟ್ ಸರಕಿನಲ್ಲಿ ಸುಮಾರು ಶೇ. 75 ಹೊರದೇಶದ ಬಂದರುಗಳಲ್ಲಿ ಆಗುತ್ತದೆ. ಆ ಪಾಲಿನಲ್ಲಿ ಶೇ. 85ಕ್ಕೂ ಹೆಚ್ಚು ಕೊಲಂಬೊ, ಸಿಂಗಾಪುರ ಮತ್ತು ಮಲೇಷ್ಯಾದ ಕ್ಲಾಂಗ್ ಬಂದರುಗಳಿಗೆ, ಕೊಲಂಬೊ ಒಂದಕ್ಕೇ ಶೇ. 45. ಇದನ್ನು 'ಭಾರತದ ಮುಕ್ಕಾಲು ಸರಕು ವಿದೇಶಿ ಬಂದರಿನ ಮೂಲಕ ಹೋಗುತ್ತದೆ' ಅಂತ ಬರೆಯುವವರಿದ್ದಾರೆ. ಹಾಗಲ್ಲ. ಹಡಗು ಬದಲಾಯಿಸುವ ಸರಕಿನಲ್ಲಿ ಮುಕ್ಕಾಲು. ಗುಜರಾತಿನ ಮುಂದ್ರಾ, ನ್ಹಾವಾ ಶೇವಾದಂಥ ಬಂದರುಗಳಿಂದ ಯುರೋಪ್, ಅಮೆರಿಕ, ಕೊಲ್ಲಿ ದೇಶಗಳಿಗೆ ನೇರ ಹಡಗುಗಳಿವೆ. ನಮ್ಮ ಸರಕಿನ ದೊಡ್ಡ ಪಾಲು ಹಡಗು ಬದಲಾಯಿಸದೆಯೇ ಹೋಗುತ್ತದೆ.

ವಿಳಿಂಜಂ ಬಂದ ಮೇಲೆ

ವಿಳಿಂಜಂಗೆ ಕೊಲಂಬೊದ ಎರಡೂ ಅನುಕೂಲಗಳಿವೆ. ಅಂತರರಾಷ್ಟ್ರೀಯ ಹಡಗು ದಾರಿ ಸುಮಾರು 10 ನಾಟಿಕಲ್ ಮೈಲಿ ದೂರದಲ್ಲಿ. ದಡದ ಹತ್ತಿರವೇ 18 ಮೀಟರ್‌ಗೂ ಹೆಚ್ಚು ಸಹಜ ಆಳ. ಹೂಳಿನ ಕಾಟ ಕಮ್ಮಿ. ಕೇರಳ ಸರ್ಕಾರ 2015ರಲ್ಲಿ ಅದಾನಿ ಕಂಪನಿಯ ಜೊತೆ ಒಪ್ಪಂದ ಮಾಡಿಕೊಂಡಿತು. ಕಲ್ಲು ಸಿಗದೆ, ಓಖಿ ಚಂಡಮಾರುತದ ಹೊಡೆತಕ್ಕೆ, 2022ರಲ್ಲಿ ಮೀನುಗಾರರ ದೊಡ್ಡ ಹೋರಾಟದಿಂದ ಕೆಲಸ ಎಳೆಯಿತು. 2024ರ ಜುಲೈನಲ್ಲಿ ಸ್ಯಾನ್ ಫೆರ್ನಾಂಡೊ ಎಂಬ ಮೊದಲ ಮದರ್ ವೆಸೆಲ್ ಬಂತು. ಡಿಸೆಂಬರ್‌ನಲ್ಲಿ ವಾಣಿಜ್ಯ ಕಾರ್ಯಾಚರಣೆ ಶುರು. 2025ರ ಮೇ 2ರಂದು ಪ್ರಧಾನಿಯಿಂದ ಲೋಕಾರ್ಪಣೆ. ಜೂನ್ 9ರಂದು, ವಾನ್ ಹೈಗೆ ಬೆಂಕಿ ಬಿದ್ದ ಅದೇ ದಿನ, 24,346 ಟಿಇಯುನ ಎಂಎಸ್‌ಸಿ ಐರಿನಾ ಅಲ್ಲಿ ಬಂದು ನಿಂತಿತು. ಜಗತ್ತಿನ ಅತಿ ದೊಡ್ಡ ಕಂಟೇನರ್ ಹಡಗುಗಳ ಪೈಕಿ ಅದೂ ಒಂದು. ಶುರುವಾಗಿ ವರ್ಷ ತುಂಬುವ ಮೊದಲೇ ಬಂದರು 10 ಲಕ್ಷ ಟಿಇಯು ದಾಟಿತು.

ಇದನ್ನು ಸೂಚ್ಯಂಕದ ಕಣ್ಣಿನಿಂದ ನೋಡಿ. ಹಡಗಿನ ಗಾತ್ರದ ಲೆಕ್ಕದಲ್ಲಿ ಭಾರತಕ್ಕೆ ಲಾಭ. ಬರುವ ಹಡಗುಗಳ ಲೆಕ್ಕದಲ್ಲೂ ಲಾಭ. ಆದರೆ ಕಂಪನಿಗಳ ಸಂಖ್ಯೆ? ವಿಳಿಂಜಂಗೆ ಬರುವ ಹಡಗುಗಳು ಬಹುಮಟ್ಟಿಗೆ ಎಂಎಸ್‌ಸಿ ಎಂಬ ಒಂದೇ ಕಂಪನಿಯವು. ಅದು ಜಗತ್ತಿನ ಅತಿ ದೊಡ್ಡ ಕಂಟೇನರ್ ಕಂಪನಿ. ಹೊಸ ಹಬ್‌ಗೆ ಅಂಥವರ ಬೆಂಬಲ ಬೇಕೇ ಬೇಕು. ಆದರೆ ಕಾಫಿ ಕಳಿಸುವವನಿಗೆ ನಾಲ್ಕು ಕಂಪನಿ ಇದ್ದರೆ ಬಾಡಿಗೆ ಚೌಕಾಸಿ ಮಾಡಬಹುದು, ಒಂದೇ ಇದ್ದರೆ ಅವರು ಹೇಳಿದ್ದೇ ದರ. ಕೊಲಂಬೊದಲ್ಲಿ ಹಲವು ಕಂಪನಿಗಳು, ಹಲವು ಟರ್ಮಿನಲ್‌ಗಳು ಎದುರುಬದುರು ಇವೆ. ನನ್ನ ಲೆಕ್ಕದಲ್ಲಿ ಕೊಲಂಬೊ ಇನ್ನೂ ಮುಂದಿರುವುದು ಆಳದಲ್ಲಿ ಅಲ್ಲ, ಈ ಪೈಪೋಟಿಯಲ್ಲಿ.

ತಮಾಷೆ ಏನೆಂದರೆ, 2025ರ ಏಪ್ರಿಲ್‌ನಲ್ಲಿ ಕೊಲಂಬೊದಲ್ಲಿ ಶುರುವಾದ ಪಶ್ಚಿಮ ಟರ್ಮಿನಲ್‌ನಲ್ಲಿ ಶೇ. 51 ಪಾಲು ಅದಾನಿ ಕಂಪನಿಯದ್ದೇ. ಸ್ಪರ್ಧೆ ಎರಡು ದೇಶಗಳ ನಡುವೆ ಅಂತ ನಾವು ಅಂದುಕೊಂಡರೆ, ವ್ಯವಹಾರದವರು ಎರಡೂ ಕಡೆ ಪಾಲು ಹಾಕಿದ್ದಾರೆ.

ಸೂಚ್ಯಂಕ ಹೇಳದೆ ಬಿಡುವುದು

ಈ ಲೆಕ್ಕ ನಿಂತಿರುವುದು ಹಡಗು ಕಂಪನಿಗಳು ಪ್ರಕಟಿಸುವ ವೇಳಾಪಟ್ಟಿಯ ಮೇಲೆ. ಹಡಗು ಬಂದರಿನ ಹೊರಗೆ ನಾಲ್ಕು ದಿನ ಲಂಗರು ಹಾಕಿ ಕಾದರೂ ಅಂಕ ಇಳಿಯುವುದಿಲ್ಲ. 2023ರ ಕೊನೆಯಲ್ಲಿ ಕೆಂಪು ಸಮುದ್ರದಲ್ಲಿ ಯೆಮೆನ್‌ನ ಹೌತಿ ಬಂಡುಕೋರರ ದಾಳಿ ಶುರುವಾಗಿ ಹಡಗುಗಳು ಆಫ್ರಿಕಾದ ತುದಿ ಸುತ್ತತೊಡಗಿದಾಗ, ಕಂಪನಿಗಳು ಬೇರೆ ಬೇರೆ ಕಡೆಯ ಮಾಲನ್ನು ಕೊಲಂಬೊದಲ್ಲಿ ಇಳಿಸಿ ಮುಂದೆ ಕಳಿಸಿದವು. ವಹಿವಾಟು ಜಿಗಿಯಿತು, ಜೊತೆಗೆ ಯಾರ್ಡ್ ಕಿಕ್ಕಿರಿಯಿತು. ಒಂದು ಕಡೆಯಿಂದ ನೋಡಿದರೆ ಬೆಳವಣಿಗೆ, ಮಾಲು ಸಿಕ್ಕಿಕೊಂಡವನಿಗೆ ತಲೆನೋವು.

ದೇಶವನ್ನು ಒಂದೇ ಘಟಕ ಅಂತ ನೋಡುವುದು ಇನ್ನೊಂದು ಮಿತಿ. ಮುಂದ್ರಾಗೆ ಹೊಸ ಸೇವೆ ಬಂದರೆ ಭಾರತದ ಅಂಕ ಏರುತ್ತದೆ, ಮಂಗಳೂರಿನ ರಫ್ತುದಾರನ ಪಾಡು ಹಾಗೇ ಇರುತ್ತದೆ. ಶ್ರೀಲಂಕಾದಂಥ ಪುಟ್ಟ ದೇಶದಲ್ಲಿ ಈ ಅಂತರ ಅಷ್ಟು ಕಾಣುವುದಿಲ್ಲ. ಕೊಲಂಬೊದ ಅಂಕವೇ ಹೆಚ್ಚುಕಮ್ಮಿ ದೇಶದ ಅಂಕ. ಇದಕ್ಕಾಗಿಯೇ ಅಂಕ್ಟಾಡ್ ಒಂದೊಂದು ಬಂದರಿಗೂ ಬೇರೆ ಅಂಕ ಕೊಡುತ್ತದೆ. ಬೆಂಗಳೂರಿನವರಿಗೆ ಮುಖ್ಯವಾಗಿ ಬೇಕಾದದ್ದು ಚೆನ್ನೈ ಬಂದರಿನ ಅಂಕ. ವೈಟ್‌ಫೀಲ್ಡ್‌ನ ಕಂಟೇನರ್ ಡಿಪೊದಿಂದ ರೈಲು ಹೋಗುವುದು ಆ ಕಡೆಗೇ.

ಮೂರನೆಯದೊಂದು ಲೆಕ್ಕವಿದೆ, ಎರಡು ದೇಶಗಳ ನಡುವಿನ ಸಂಪರ್ಕದ್ದು. ಭಾರತದಿಂದ ಇಟಲಿಗೆ, ಶ್ರೀಲಂಕಾದಿಂದ ಇಟಲಿಗೆ ಅಂತ ಜೋಡಿ ಜೋಡಿಯಾಗಿ ನೋಡುತ್ತದೆ. ಅದರಲ್ಲಿ ಕೇಳುವ ಮೊದಲ ಪ್ರಶ್ನೆಯೇ ಪೆಟ್ಟಿಗೆ ಎಷ್ಟು ಸಲ ಹಡಗು ಬದಲಾಯಿಸಬೇಕು ಅನ್ನುವುದು. ಆಮೇಲೆ ಆ ದಾರಿಯಲ್ಲಿ ಪೈಪೋಟಿ ಎಷ್ಟಿದೆ, ಅತಿ ದುರ್ಬಲ ಕೊಂಡಿಯಲ್ಲಿ ಓಡುವ ಹಡಗು ಎಷ್ಟು ದೊಡ್ಡದು ಎಂದು ನೋಡುತ್ತದೆ. ವ್ಯಾಪಾರ ಮಾಡುವವರಿಗೆ ದೇಶದ ಒಟ್ಟು ರ‍್ಯಾಂಕ್‌ಗಿಂತ ಇದೇ ಉಪಯೋಗ ಜಾಸ್ತಿ.

ಮುಂದಿನ ಕೆಲ ವರ್ಷ ಗಮನಿಸಬೇಕಾದ ಹೆಸರುಗಳು ಮೂರು. ಎರಡನೇ ಹಂತ ಮುಗಿಸಬೇಕಿರುವ ವಿಳಿಂಜಂ. 2024ರ ಆಗಸ್ಟ್‌ನಲ್ಲಿ ಶಂಕುಸ್ಥಾಪನೆಯಾದ, ಮಹಾರಾಷ್ಟ್ರದ ಪಾಲ್ಘರ್ ಜಿಲ್ಲೆಯ ವಾಢವಣ್. ಮಲಾಕ್ಕಾದ ಬಾಯಲ್ಲೇ ಗ್ರೇಟ್ ನಿಕೋಬಾರ್ ದ್ವೀಪದ ಗಲಾಥಿಯಾ ಕೊಲ್ಲಿ. ಮೂರನೆಯದರ ಅಂದಾಜು 41,000 ಕೋಟಿ ರೂಪಾಯಿ. ಕಾಡು, ಆಮೆಗಳು ಮೊಟ್ಟೆಯಿಡುವ ಮರಳದಂಡೆ, ಅಲ್ಲಿನ ಬುಡಕಟ್ಟು ಜನರ ಪ್ರಶ್ನೆಗಳು ಅದರ ಸುತ್ತ ಇವೆ. ಸುತ್ತಮುತ್ತ ತನ್ನದೇ ಸರಕಿಲ್ಲದ ಜಾಗವದು. ಅಲ್ಲಿ ಬಂದರು ಕಟ್ಟಿದರೂ ಬದುಕಬೇಕಾದದ್ದು ಪೂರ್ತಿ ಟ್ರಾನ್ಸ್‌ಶಿಪ್‌ಮೆಂಟ್ ಮೇಲೆ, ಅದೂ ಸಿಂಗಾಪುರ, ಕ್ಲಾಂಗ್‌ನ ಎದುರು. ಸಿಂಗಾಪುರ 2024ರಲ್ಲಿ ನಾಲ್ಕು ಕೋಟಿ ಟಿಇಯು ದಾಟಿದ ಬಂದರು.